ಆಸ್ಪತ್ರೆಯೊಳಗೊಂದು ಕಾಫಿ ಅಂಗಡಿ

ಒಂದೇ ಆಸ್ಪತ್ರೆ. ಒಬ್ಬನೇ ಡಾಕ್ಟರು. ಎರಡು ವಾರ್ಡುಗಳಿಗೂ ಒಂದೇ ಚಿಕಿತ್ಸೆ. ಒಂದರಲ್ಲಿ 165 ಯುರೋಪಿಯನ್ ಹೆಂಗಸರು, ಇನ್ನೊಂದರಲ್ಲಿ 220 ಮುಸ್ಲಿಂ ಗಂಡಸರು. ಹೆಂಗಸರ ವಾರ್ಡು ಸ್ವಲ್ಪ ದಿನಕ್ಕೇ ಚಿಗುರಿಕೊಂಡಿತು. ಗಂಡಸರ ವಾರ್ಡಿನಲ್ಲಿ ಏನು ತಿಪ್ಪರಲಾಗ ಹಾಕಿದರೂ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ.

ಇದು ಅಲ್ಜೀರಿಯಾದ ಬ್ಲಿಡಾ ಊರಿನ ಕಥೆ. ಆ ದೇಶ ಆಗ ಫ್ರಾನ್ಸಿನ ಕೈಕೆಳಗಿತ್ತು. 1953ರ ನವೆಂಬರ್‌ನಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಗೆ ಹೊಸ ಡಾಕ್ಟರು ಬಂದ. ಹೆಸರು ಫ್ರಾಂಟ್ಜ್ ಫ್ಯಾನನ್, ವಯಸ್ಸು 28. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಹುಟ್ಟಿದ ಕಪ್ಪು ಮನುಷ್ಯ. ನಮ್ಮಲ್ಲಿ ಅವನ ಹೆಸರು ಕೇಳಿದವರು ಕೇಳಿರುವುದು ಹೆಚ್ಚಾಗಿ ಸಾಹಿತ್ಯದ ವಿಚಾರ ಸಂಕಿರಣಗಳಲ್ಲಿ, ವಸಾಹತುಶಾಹಿಯನ್ನು ಬೈದ ಚಿಂತಕ ಅಂತ. ಆದರೆ ಅವನ ಹೊಟ್ಟೆಪಾಡಿನ ಕೆಲಸ ಮನೋವೈದ್ಯನದು. ಬೆಳಿಗ್ಗೆ ಎದ್ದು ವಾರ್ಡಿಗೆ ಹೋಗುತ್ತಿದ್ದ, ರೋಗಿಗಳನ್ನು ನೋಡುತ್ತಿದ್ದ, ನರ್ಸುಗಳ ಜೊತೆ ಗುದ್ದಾಡುತ್ತಿದ್ದ. ನನಗೆ ಆ ಫ್ಯಾನನ್ ಮೇಲೆಯೇ ಜಾಸ್ತಿ ಆಸಕ್ತಿ.

'ಸಮುದಾಯ ಆಧಾರಿತ ಚಿಕಿತ್ಸೆ' ಎಂಬ ಮಾತು ಈಗ ಎಲ್ಲಾ ಕಡೆ ಕೇಳಿಸುತ್ತದೆ. ಕೇಳಲು ಹಿತವಾಗಿದೆ. ಅದರ ಒಳಗೇನಿದೆ ಅಂತ ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಅದನ್ನು ತಿಳಿಯಲು ಬ್ಲಿಡಾದ ಆ ಸೋತ ವಾರ್ಡಿಗಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಬಡತನವಿಲ್ಲದ ಅಂಚು

ಅಂಚಿನಲ್ಲಿ ಬೆಳೆದವನು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಗುಡಿಸಲು, ಹಸಿವು. ಫ್ಯಾನನ್ ಮನೆಯಲ್ಲಿ ಅದಿರಲಿಲ್ಲ. ಅಪ್ಪ ಕಸ್ಟಮ್ಸ್ ಇಲಾಖೆಯ ನೌಕರ. ಅಮ್ಮ ಅಂಗಡಿ ನಡೆಸುತ್ತಿದ್ದಳು. ಎಂಟು ಮಕ್ಕಳ ಸಂಸಾರ. ಊರು ಫೋರ್ ದ ಫ್ರಾನ್ಸ್, ಹುಟ್ಟಿದ್ದು 1925ರ ಜುಲೈ 20. ಕಬ್ಬಿನ ತೋಟಗಳ ಆ ದ್ವೀಪದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದು 1848ರಲ್ಲಿ. ಅಂದರೆ ಅದರ ನೆನಪು ಇನ್ನೂ ಹಳೆಯದಾಗಿರಲಿಲ್ಲ.

ಅಲ್ಲಿ ಬೀದಿಯ ಮಾತು ಕ್ರಿಯೋಲ್. ಮರ್ಯಾದಸ್ಥರ ಮನೆಯ ಮಾತು ಫ್ರೆಂಚ್. ಮಕ್ಕಳು ಕ್ರಿಯೋಲ್ ಆಡಿದರೆ ಅಮ್ಮಂದಿರು ಗದರುತ್ತಿದ್ದರು. ಕನ್ನಡ ಮಾತಾಡಿದರೆ ಫೈನ್ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಶಾಲೆಯಲ್ಲಿ ಕಪ್ಪು ಮಕ್ಕಳು 'ನಮ್ಮ ಪೂರ್ವಜರು ಗಾಲ್ ಜನ' ಅಂತ ಬಾಯಿಪಾಠ ಮಾಡುತ್ತಿದ್ದರು. ಗಾಲ್‌ಗಳೆಂದರೆ ಫ್ರಾನ್ಸಿನ ಹಳೆಯ ಬಿಳಿಯ ಬುಡಕಟ್ಟು. ಮಕ್ಕಳಿಗೆ ಅದು ತಮಾಷೆ ಅನ್ನಿಸುತ್ತಿರಲಿಲ್ಲ, ನಿಜ ಅನ್ನಿಸುತ್ತಿತ್ತು. ತಾನು ಫ್ರೆಂಚ್ ಹುಡುಗ ಎಂದೇ ನಂಬಿ ಫ್ಯಾನನ್ ಬೆಳೆದ.

ಆ ನಂಬಿಕೆಯಿಂದಲೇ ಯುದ್ಧಕ್ಕೂ ಹೋದ. 1943ರಲ್ಲಿ, 17ನೇ ವಯಸ್ಸಿಗೆ, ಮನೆಯಿಂದ ಕದ್ದು ಪಕ್ಕದ ಡೊಮಿನಿಕಾ ದ್ವೀಪಕ್ಕೆ ದಾಟಿದ. ನಾಜಿಗಳ ವಿರುದ್ಧ ಹೋರಾಡುವ ಫ್ರೆಂಚ್ ಪಡೆಗೆ ಸೇರುವ ಹುಮ್ಮಸ್ಸು. ಮರುವರ್ಷ ಸೇನೆಗೆ ಸೇರಿಯೂ ಬಿಟ್ಟ. ಸೇರಿದ ಮೇಲೆ ಕಂಡದ್ದು ಶ್ರೇಣಿ: ಬಿಳಿಯರು ಮೇಲೆ, ದ್ವೀಪಗಳ ಕಪ್ಪು ಸೈನಿಕರು ನಡುವೆ, ಸೆನೆಗಲ್ ಕಡೆಯ ಸೈನಿಕರು ಕೆಳಗೆ. ಉತ್ತರ ಆಫ್ರಿಕಾದ ಅರಬರಂತೂ ಲೆಕ್ಕಕ್ಕೇ ಇಲ್ಲ. ನಮ್ಮ ಜಾತಿಯ ಏಣಿಯನ್ನು ಬಲ್ಲವರಿಗೆ ಈ ನಡುವಿನ ಮೆಟ್ಟಿಲಿನ ಸಂಕಟ ಅರ್ಥವಾಗುತ್ತದೆ. ಫ್ರಾನ್ಸಿನ ನೆಲದಲ್ಲಿ ಗಾಯಗೊಂಡ, ಪದಕ ಬಂತು. ಪದಕದ ಪತ್ರಕ್ಕೆ ಸಹಿ ಹಾಕಿದವನು ಕರ್ನಲ್ ರಾವುಲ್ ಸಲಾನ್. ಮುಂದೆ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನೆಯ ಮುಖ್ಯಸ್ಥನಾದವನೂ ಅದೇ ಸಲಾನ್.

'ಎಲ್ಲಿ ನೋವು?' 'ಎಲ್ಲಾ ಕಡೆ'

ಯುದ್ಧ ಮುಗಿದ ಮೇಲೆ ಲಿಯೋನ್ ನಗರದಲ್ಲಿ ವೈದ್ಯಕೀಯ ಓದಿದ. ಕಪ್ಪು ಮನುಷ್ಯನ ಮನಸ್ಸಿನ ಬಗ್ಗೆ ಬರೆದದ್ದನ್ನು ಪದವಿ ಪ್ರಬಂಧವಾಗಿ ಕೊಡಲು ನೋಡಿದ, ಒಪ್ಪಲಿಲ್ಲ. ನರಗಳ ಒಂದು ಕಾಯಿಲೆಯ ಮೇಲೆ ಇನ್ನೊಂದು ಪ್ರಬಂಧ ಬರೆದು ಪದವಿ ತೆಗೆದುಕೊಂಡ. ತಿರಸ್ಕೃತವಾದದ್ದು 1952ರಲ್ಲಿ ಪುಸ್ತಕವಾಯಿತು. ಅದು ಬೇರೆ ಕಥೆ.

ನಮಗೆ ಬೇಕಾದದ್ದು ಅದೇ ವರ್ಷ ಅವನು ಬರೆದ ಒಂದು ಲೇಖನ. ಲಿಯೋನ್‌ನಲ್ಲಿ ಉತ್ತರ ಆಫ್ರಿಕಾದಿಂದ ಬಂದ ಕೂಲಿಕಾರರು ಬಹಳ ಇದ್ದರು. ಆಸ್ಪತ್ರೆಗೆ ಬರುತ್ತಿದ್ದರು. ಎಲ್ಲಿ ನೋವು ಅಂದರೆ ಎಲ್ಲಾ ಕಡೆ ಅನ್ನುತ್ತಿದ್ದರು. ಯಾವಾಗಿನಿಂದ ಅಂದರೆ ಸರಿಯಾಗಿ ಹೇಳುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ದೇಹದಲ್ಲಿ ಏನೂ ಸಿಗುತ್ತಿರಲಿಲ್ಲ. ಡಾಕ್ಟರುಗಳು ಒಬ್ಬರಿಗೊಬ್ಬರು ಕಣ್ಣು ಹೊಡೆದು, ಇವರದು ಸುಮ್ನೆ ನಾಟಕ, ಸೋಮಾರಿಗಳು ಎಂದು ಕಳಿಸಿಬಿಡುತ್ತಿದ್ದರು.

ಕನ್ನಡದಲ್ಲಿ ಬೆಳೆದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಅಜ್ಜಿಯಂದಿರು 'ನನಗೆ ಖಿನ್ನತೆ' ಅಂದದ್ದು ಯಾರಾದರೂ ಕೇಳಿದ್ದೀರಾ? 'ಎದೆ ಡವಗುಟ್ಟುತ್ತೆ', 'ತಲೆ ಭಾರ', 'ಮೈಯೆಲ್ಲಾ ಜೋಮು', 'ಜೀವಕ್ಕೆ ಸರಿಯಿಲ್ಲ' ಅನ್ನುತ್ತಾರೆ. ಮನಸ್ಸಿನ ನೋವನ್ನು ಮೈಯ ಮಾತಿನಲ್ಲಿ ಹೇಳುವುದು ಸುಳ್ಳು ಹೇಳಿದಂತಲ್ಲ. ಅದೊಂದು ಭಾಷೆ, ಅಷ್ಟೆ.

ಫ್ಯಾನನ್ ಆ ಕೂಲಿಕಾರನ ದಿನವನ್ನೇ ಬಿಚ್ಚಿಟ್ಟ. ಹೆಂಡತಿ ಮಕ್ಕಳು ಸಮುದ್ರದಾಚೆ. ಇಲ್ಲಿ ಇಕ್ಕಟ್ಟಿನ ಕೋಣೆ. ಹೊರಗೆ ಬಂದರೆ ಎಲ್ಲರ ಕಣ್ಣಲ್ಲೂ ಅನುಮಾನ. ಇಂಥವನಿಗೆ ನೋವು ಎಲ್ಲಿ ಅಂದರೆ ಅವನು ಬೆರಳಿಟ್ಟು ತೋರಿಸುವುದು ಎಲ್ಲಿಗೆ? ರೋಗಿಯ ಬದುಕು ಗೊತ್ತಿಲ್ಲದ ಡಾಕ್ಟರಿಗೆ ರೋಗವೂ ಕಾಣುವುದಿಲ್ಲ ಎಂಬ ಮಾತು ಅವನಿಗೆ ಆಗಲೇ ಹೊಳೆದಿತ್ತು. ಹೊಳೆಯುವುದು ಬೇರೆ, ಮೈಗೂಡುವುದು ಬೇರೆ. ಅದು ಬ್ಲಿಡಾದಲ್ಲಿ ಗೊತ್ತಾಗುತ್ತದೆ.

ಆಸ್ಪತ್ರೆಗೇ ಕಾಯಿಲೆ

ಅದಕ್ಕೂ ಮೊದಲು ಫ್ಯಾನನ್ ಒಂದು ವರ್ಷಕ್ಕಿಂತ ಹೆಚ್ಚು ಕಾಲ ದಕ್ಷಿಣ ಫ್ರಾನ್ಸಿನ ಸೇಂಟ್ ಆಲ್ಬನ್ ಎಂಬ ಗುಡ್ಡಗಾಡಿನ ಆಸ್ಪತ್ರೆಯಲ್ಲಿದ್ದ. ಅಲ್ಲಿನ ಗುರು ಫ್ರಾನ್ಸೆಸ್ಕ್ ತೋಸ್ಕೆಲೆಸ್, ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ಓಡಿಬಂದ ಕ್ಯಾಟಲನ್ ವೈದ್ಯ. ನಿರಾಶ್ರಿತರ ಶಿಬಿರದಿಂದ ನೇರ ಈ ಆಸ್ಪತ್ರೆಗೆ ಬಂದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ 40,000ಕ್ಕೂ ಹೆಚ್ಚು ರೋಗಿಗಳು ಊಟವಿಲ್ಲದೆ, ಆರೈಕೆಯಿಲ್ಲದೆ ಸತ್ತರು. ಸೇಂಟ್ ಆಲ್ಬನ್‌ನಲ್ಲಿ ರೋಗಿಗಳು, ಸಿಬ್ಬಂದಿ, ಕ್ರೈಸ್ತ ಸನ್ಯಾಸಿನಿಯರು ಸುತ್ತಲಿನ ಹಳ್ಳಿಗರ ಜೊತೆ ಸೇರಿ ಆಹಾರ ಹೊಂದಿಸಿಕೊಂಡರು. ಹೊಲದಲ್ಲಿ ದುಡಿದರು, ಬದುಕಿಕೊಂಡರು. ಆಸ್ಪತ್ರೆಗೂ ಊರಿಗೂ ನಡುವಿನ ಗೋಡೆ ತೆಳ್ಳಗಾದದ್ದು ಯಾವುದೋ ಸಿದ್ಧಾಂತದಿಂದಲ್ಲ, ಹೊಟ್ಟೆಯ ಹಸಿವಿನಿಂದ.

ತೋಸ್ಕೆಲೆಸ್ ಹೇಳುತ್ತಿದ್ದದ್ದು ಸರಳ: ರೋಗಿಗೆ ಚಿಕಿತ್ಸೆ ಕೊಡುವ ಮೊದಲು ಆಸ್ಪತ್ರೆಗೇ ಚಿಕಿತ್ಸೆ ಕೊಡಿ.

ಹೀಗೆ ಯೋಚಿಸಿ. ಚೆನ್ನಾಗಿಯೇ ಇರುವ ಒಬ್ಬನನ್ನು ವಾರ್ಡಿಗೆ ಹಾಕಿ. ಗಂಟೆ ಬಾರಿಸಿದಾಗ ಏಳಬೇಕು, ಕೊಟ್ಟದ್ದು ತಿನ್ನಬೇಕು, ಹೇಳಿದಾಗ ಮಲಗಬೇಕು. ಜೇಬಿನಲ್ಲಿ ಒಂದು ಕಾಸಿಲ್ಲ. ಅವನನ್ನು ಯಾರೂ ಏನೂ ಕೇಳುವುದಿಲ್ಲ, ಅವನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಎರಡು ವರ್ಷ ಬಿಟ್ಟು ನೋಡಿದರೆ ಅವನು ಮೂಲೆ ಹಿಡಿದು ಕೂತಿರುತ್ತಾನೆ. ಈಗ ಅವನಿಗಿರುವುದು ಆಸ್ಪತ್ರೆ ಕೊಟ್ಟ ಕಾಯಿಲೆ. ನಿಜವಾದ ರೋಗಿಯ ಮೇಲೆ ಇದೊಂದು ಪದರ ಜಾಸ್ತಿ ಕೂರುತ್ತದೆ.

ಇದಕ್ಕೆ ಸೇಂಟ್ ಆಲ್ಬನ್‌ನವರ ಮದ್ದು ವಾರ್ಡನ್ನು ಒಂದು ಪುಟ್ಟ ಊರಿನಂತೆ ನಡೆಸುವುದು. ರೋಗಿಗಳದೇ ಸಂಘ, ರೋಗಿಗಳೇ ಬರೆಯುವ ಪತ್ರಿಕೆ, ಸಭೆ, ಕಸುಬು, ನಾಟಕ. ಪತ್ರಿಕೆಗೆ ಇವತ್ತು ಬರೆದುಕೊಡುತ್ತೇನೆ ಅಂದವನು ಕೊಡದಿದ್ದರೆ ಇನ್ನೊಬ್ಬ ರೋಗಿ ಬಂದು ಬೈಯುತ್ತಾನೆ. ಆ ಬೈಗುಳದಲ್ಲೇ ಅರ್ಧ ಮದ್ದಿದೆ. ನನ್ನಿಂದ ಯಾರಿಗೋ ಏನೋ ಆಗಬೇಕಿದೆ ಎಂಬುದು ಅವನಿಗೆ ಎಷ್ಟೋ ಕಾಲದ ಮೇಲೆ ಮತ್ತೆ ನೆನಪಾಗುತ್ತದೆ. ಇದನ್ನು ಸಮಾಜ ಚಿಕಿತ್ಸೆ ಎಂದು ಕರೆದರು. ಇದರ ಜೊತೆ ಔಷಧಿಯೂ ಇತ್ತು, ಕರೆಂಟ್ ಶಾಕ್ ಕೂಡ ಇತ್ತು. ಫ್ಯಾನನ್ ಅವೆರಡನ್ನೂ ಕೊನೆತನಕ ಬಳಸಿದ. ಅವನನ್ನು ಬರೀ ಮಾತಿನ ಸಂತನನ್ನಾಗಿ ಮಾಡುವವರು ಇದನ್ನು ಮರೆಯುತ್ತಾರೆ.

ಯಾರೂ ಬಾಯಿ ಬಿಡದ ಸಭೆ

ಈ ಬುತ್ತಿ ಕಟ್ಟಿಕೊಂಡು ಫ್ಯಾನನ್ ಬ್ಲಿಡಾಕ್ಕೆ ಬಂದ. ಅಲ್ಲಿ ಆಗ ಮೆರೆಯುತ್ತಿದ್ದದ್ದು ಆಂಟೊಯಿನ್ ಪೊರೋ ಕಟ್ಟಿದ 'ಅಲ್ಜಿಯರ್ಸ್ ಪಂಥ'. ಉತ್ತರ ಆಫ್ರಿಕಾದವನ ಮೆದುಳೇ ಹಿಂದುಳಿದದ್ದು, ಅವನು ಹುಟ್ಟಾ ಸುಳ್ಳ, ಹುಟ್ಟಾ ಮುಂಗೋಪಿ ಎಂದು ಆ ಪಂಥದವರು ವಿಜ್ಞಾನದ ಹೆಸರಿನಲ್ಲೇ ಬರೆಯುತ್ತಿದ್ದರು, ಪಾಠ ಮಾಡುತ್ತಿದ್ದರು.

ಹೆಂಗಸರ ವಾರ್ಡಿನಲ್ಲಿ ಕ್ರಿಸ್ಮಸ್ ಹಬ್ಬ ಮಾಡಿದರು. ಸಿನಿಮಾ, ಸಂಗೀತ, ಹೊಲಿಗೆ, ವಾರದ ಸಭೆ, ಪತ್ರಿಕೆ, ಎಲ್ಲಾ ಕೈಗೂಡಿತು. ಹಾಗಾದರೆ ಗಂಡಸರ ವಾರ್ಡಿನಲ್ಲೂ ಅದನ್ನೇ ಮಾಡೋಣ ಎಂದು ಫ್ಯಾನನ್ ಮತ್ತು ಅವನ ಕೈಕೆಳಗಿದ್ದ ಯುವ ವೈದ್ಯ ಜಾಕ್ ಅಜುಲೆ ಹೊರಟರು.

ಸಭೆ ಕರೆದರು. ಕರೆದುಕೊಂಡು ಬಂದು ಕೂರಿಸಿದರೆ ಕೂತರು. ಯಾರೂ ಬಾಯಿ ಬಿಡಲಿಲ್ಲ. ಡಾಕ್ಟರ ಮಾತು ಫ್ರೆಂಚ್, ರೋಗಿಗಳದ್ದು ಅರಬ್ಬಿ ಇಲ್ಲವೇ ಕಬೈಲ್, ನಡುವೆ ದುಭಾಷಿ. ಅಲ್ಜೀರಿಯಾದ ರೈತ ಅಲ್ಲಿಯತನಕ ದುಭಾಷಿಯನ್ನು ಕಂಡಿದ್ದು ಎಲ್ಲಿ? ಪೊಲೀಸರ ಮುಂದೆ, ಜಡ್ಜ್ ಮುಂದೆ, ಸರ್ಕಾರಿ ಕಚೇರಿಯಲ್ಲಿ. ದುಭಾಷಿ ಬಂದು ನಿಂತ ಕೂಡಲೇ ಡಾಕ್ಟರ ಪ್ರಶ್ನೆ ವಿಚಾರಣೆಯಾಗಿಬಿಡುತ್ತಿತ್ತು.

ಬುಟ್ಟಿ ಹೆಣೆಯಲು ಕೊಟ್ಟರು. ಅದು ಹೆಂಗಸರ ಕೆಲಸ ಅಂತ ಮುಟ್ಟಲಿಲ್ಲ. ಪತ್ರಿಕೆ ಕೊಟ್ಟರು. ಓದು ಬರಹ ಬಂದವರೇ ಅಪರೂಪ. ಹಾಡು, ಆಟದ ಸಂಜೆ ಏರ್ಪಡಿಸಿದರು. ಮದುವೆ, ಹಬ್ಬ ಏನೂ ಇಲ್ಲದೆ, ಯಾವುದೋ ಒಂದು ಸಂಜೆ ಬೆಳೆದ ಗಂಡಸರು ಆಟ ಆಡಬೇಕು ಎಂಬುದೇ ಅವರಿಗೆ ವಿಚಿತ್ರ. ನಾಟಕದ ಅಭ್ಯಾಸವೇ ಇಲ್ಲ, ಅವರದ್ದು ಕಥೆ ಹೇಳುವವನ ಸುತ್ತ ಕೂತು ಕೇಳುವ ರೂಢಿ. ಕೆಲವು ತಿಂಗಳು ಕಳೆದರೂ ಎಲ್ಲಾ ಇದ್ದಲ್ಲೇ ಇತ್ತು. ಸಿಬ್ಬಂದಿಗೆ ಒಳಗೊಳಗೇ ಖುಷಿ: ನಾವು ಮೊದಲೇ ಹೇಳಲಿಲ್ವಾ, ಈ ಜನವೇ ಇಷ್ಟು.

ಪೊರೋ ಪಂಥದ ವಿವರಣೆ ರೆಡಿಯಾಗಿ ಕೈಗೆಟುಕುವಂತೆ ಇತ್ತು. ಫ್ಯಾನನ್ ಅದನ್ನು ಮುಟ್ಟಲಿಲ್ಲ. ತಪ್ಪು ನಮ್ಮದು ಎಂದು ಅಜುಲೆ ಜೊತೆ ಕೂತು ಬರೆದ. 1954ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ತನ್ನ ಹೆಸರು ಹಾಕಿಯೇ ಅದನ್ನು ಅಚ್ಚು ಮಾಡಿಸಿದ. ಸೋಲನ್ನು ಇಷ್ಟು ವಿವರವಾಗಿ ಒಪ್ಪಿಕೊಂಡ ವೈದ್ಯಕೀಯ ಬರಹ ಅಪರೂಪ.

ಅದರಲ್ಲಿದ್ದ ತಿರುಳು ಇದು: ಇಬ್ಬರಿಗೂ ಒಂದೇ ಚಿಕಿತ್ಸೆ ಕೊಟ್ಟರೆ ಸಮಾನತೆ ಎಂದುಕೊಂಡೆವು. ನಿಜವಾಗಿ ಮಾಡಿದ್ದು, ರೋಗಿಯೇ ತನ್ನದನ್ನೆಲ್ಲಾ ಬಿಟ್ಟು ನಮ್ಮ ಹತ್ತಿರ ನಡೆದು ಬರಲಿ ಎಂದು ಕಾದದ್ದು. ಫೋರ್ ದ ಫ್ರಾನ್ಸಿನ ಶಾಲೆಯಲ್ಲಿ ಗಾಲ್‌ಗಳನ್ನು ಪೂರ್ವಜರೆಂದು ಬಾಯಿಪಾಠ ಮಾಡಿದ ಹುಡುಗ ದೊಡ್ಡವನಾಗಿ, ಬಿಳಿ ಕೋಟು ಹಾಕಿಕೊಂಡು, 220 ಜನರಿಗೆ ಅದೇ ಪಾಠ ಒಪ್ಪಿಸಲು ಹೊರಟಿದ್ದ. ಈ ಹೋಲಿಕೆ ನನ್ನದು. ಆದರೆ ಅಂಚಿನಲ್ಲಿ ಬೆಳೆದವನಿಗೆ ಉಳಿದವರ ಅಂಚು ತಾನಾಗಿ ಕಾಣುತ್ತದೆ ಎಂಬ ನಮ್ಮ ನಂಬಿಕೆಗೆ ಇಲ್ಲಿ ಪೆಟ್ಟು ಬೀಳುತ್ತದೆ. ಫ್ಯಾನನ್‌ಗೆ ಅದು ಕಾಣಲಿಲ್ಲ. ಹೋಗಿ ಕಲಿಯಬೇಕಾಯಿತು.

ಕಲಿಯಲು ಹೊರಗೆ ಹೋದರು. ಹಳ್ಳಿಗಳಲ್ಲಿ ಜನ ಹೇಗೆ ಬದುಕುತ್ತಾರೆ, ಜಮೀನು ಯಾರದು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಹಬ್ಬ ಯಾವಾಗ, ಹುಚ್ಚು ಹಿಡಿದರೆ ಏನೆನ್ನುತ್ತಾರೆ ಎಂದೆಲ್ಲಾ ಕೇಳಿ ತಿಳಿದರು. ಅಲ್ಲಿ ಮನಸ್ಸು ಕೆಟ್ಟವನನ್ನು ಯಾರೂ ದೂರುತ್ತಿರಲಿಲ್ಲ. ದೂರು ಜಿನ್ ಮೇಲೆ. ನಮ್ಮಲ್ಲಿ 'ಗಾಳಿ ಸೋಕಿದೆ' ಅನ್ನುವ ಹಾಗೆ. ಅವನು ಬೈದರೂ ಹೊಡೆದರೂ ಅದು ಅವನು ಮಾಡಿದ್ದಲ್ಲ, ಆದ್ದರಿಂದ ಸಿಟ್ಟು ಉಳಿಯುವುದಿಲ್ಲ. ವಾಸಿಯಾದ ಮೇಲೆ ಅವನ ಜಾಗ ಅವನಿಗೆ ಇದ್ದೇ ಇರುತ್ತದೆ. ತರಬೇತಾದ ನರ್ಸು ಮಾತ್ರ, ರೋಗಿ ಬೇಕೆಂತಲೇ ಹೀಗೆ ಮಾಡಿದ ಎಂದು ಹಗೆ ಸಾಧಿಸುವುದುಂಟು! ಹಾಗಂತ ಜಿನ್ ಬಿಡಿಸಿದರೆ ಸಾಕು ಎಂದೇನೂ ಫ್ಯಾನನ್ ಹೇಳಲಿಲ್ಲ. ಚಿಕಿತ್ಸೆ ಬೇಕೇ ಬೇಕು. ಆ ಜನರಿಂದ ಆಸ್ಪತ್ರೆ ಕಲಿಯಬೇಕಾದದ್ದೂ ಇದೆ ಎಂದ, ಅಷ್ಟೆ.

ಆಮೇಲೆ ವಾರ್ಡಿನ ರೂಪ ಬದಲಾಯಿತು. ಆಸ್ಪತ್ರೆಯೊಳಗೇ ಅಲ್ಜೀರಿಯಾ ಶೈಲಿಯ ಕಾಫಿ ಅಂಗಡಿ ತೆರೆದರು. ಆ ನಾಡಿನ ಗಂಡಸರಿಗೆ ಕಾಫಿ ಅಂಗಡಿ ಎಂದರೆ ನಮ್ಮ ಹಳ್ಳಿಯ ಅರಳಿಕಟ್ಟೆ ಇದ್ದ ಹಾಗೆ. ಯಾರೂ ಸಭೆ ಕರೆಯಬೇಕಾಗಿಲ್ಲ. ಕೂತರೆ ಮಾತು ತಾನೇ ಹುಟ್ಟುತ್ತದೆ. ಮುಸ್ಲಿಂ ಹಬ್ಬಗಳನ್ನು ಆಚರಿಸಿದರು. ಪ್ರಾರ್ಥನೆಗೆ ಊರಿನಿಂದ ಧರ್ಮಗುರುವನ್ನು ಕರೆಸಿದರು. ಕಥೆ ಹೇಳುವವನು ಬಂದ. ಫುಟ್‌ಬಾಲ್ ಮೈದಾನವಾಯಿತು. ಬುಟ್ಟಿ ಬಿಟ್ಟು ತೋಟದ ಕೆಲಸ ಕೊಟ್ಟರು. ಮಾನಸಿಕ ರೋಗಿಗಳ ಕೈಗೆ ಗುದ್ದಲಿ, ಪಿಕಾಸಿ ಕೊಡುವುದೆಂದರೆ ಯಾವ ಆಸ್ಪತ್ರೆಯವರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ರೈತನ ಕೈಗೆ ಗುದ್ದಲಿ ಸಿಕ್ಕರೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅಗೆದರು.

ಬರೀ ಬಿಳಿ ಕಾರ್ಡು

ಇನ್ನೊಂದು ಚಿಕ್ಕ ಪ್ರಸಂಗ ಹೇಳಬೇಕು. ಮನಃಶಾಸ್ತ್ರದಲ್ಲಿ ಒಂದು ಪರೀಕ್ಷೆ ಇದೆ. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ನೋಡಿ ಕಥೆ ಕಟ್ಟಿ ಹೇಳಬೇಕು. ಕಥೆಯಿಂದ ಮನಸ್ಸಿನ ಒಳಗು ತಿಳಿಯುತ್ತದೆ ಎಂಬುದು ಲೆಕ್ಕ. ಫ್ಯಾನನ್ ಮತ್ತು ಶಾರ್ಲ್ ಜೆರೋನಿಮಿ ಎಂಬ ಸಹೋದ್ಯೋಗಿ ಇದನ್ನು ಮುಸ್ಲಿಂ ಹೆಂಗಸರ ಮುಂದಿಟ್ಟರು. ಕಥೆ ಬರಲಿಲ್ಲ. ಕಾರ್ಡಿನಲ್ಲಿ ಕಂಡ ವಸ್ತುಗಳನ್ನು ಎಣಿಸಿದ ಹಾಗೆ ಹೇಳಿ ಸುಮ್ಮನಾದರು. ಇವರಿಗೆ ಕಲ್ಪನೆಯೇ ಇಲ್ಲ ಅಂತ ಷರಾ ಬರೆಯಲು ಅಷ್ಟು ಸಾಕಿತ್ತು.

ಆದರೆ ಆ ಕಟ್ಟಿನಲ್ಲಿ ಚಿತ್ರವೇ ಇಲ್ಲದ ಒಂದು ಬಿಳಿ ಕಾರ್ಡೂ ಇರುತ್ತದೆ. ಅದನ್ನು ಕೊಟ್ಟಾಗ ಅವೇ ಹೆಂಗಸರು ರಸವತ್ತಾದ ಕಥೆ ಹೇಳಿದರು. ಉಳಿದ ಕಾರ್ಡುಗಳಲ್ಲಿ ಇದ್ದದ್ದು ಪರದೇಶದ ಮನೆ, ಪರದೇಶದ ಜನ. ಅಲ್ಲಿ ಅವರಿಗೆ ಕಾಲಿಡಲು ಜಾಗವಿರಲಿಲ್ಲ. 1956ರಲ್ಲಿ ಬೋರ್ಡೋ ನಗರದ ವೈದ್ಯರ ಸಮ್ಮೇಳನದಲ್ಲಿ ಇಬ್ಬರೂ ಇದನ್ನು ಮಂಡಿಸಿದರು.

ಮರಕ್ಕೊರಗಿ ನಿಂತ ಪೊಲೀಸ

ಅಷ್ಟರಲ್ಲಿ ದೇಶ ಹೊತ್ತಿಕೊಂಡಿತ್ತು. 1954ರ ನವೆಂಬರ್ 1ರಂದು ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಚಿತ್ರಹಿಂಸೆ ಅನುಭವಿಸಿದವರು ಫ್ಯಾನನ್ ಹತ್ತಿರ ಬಂದರು. ಚಿತ್ರಹಿಂಸೆ ಕೊಟ್ಟವರೂ ಬಂದರು.

ಒಬ್ಬ ಯುರೋಪಿಯನ್ ಪೊಲೀಸನಿಗೆ ರಾತ್ರಿ ಹೊತ್ತು ಚೀರಾಟ ಕೇಳಿಸುತ್ತಿತ್ತು. ಅವನು ಚಿಕಿತ್ಸೆಗೆ ಆಸ್ಪತ್ರೆ ಆವರಣದಲ್ಲಿದ್ದ ಫ್ಯಾನನ್ ಮನೆಗೇ ಬರುತ್ತಿದ್ದ. ಒಂದು ದಿನ ಫ್ಯಾನನ್ ತುರ್ತು ಕರೆ ಬಂದು ವಾರ್ಡಿಗೆ ಹೋಗಿದ್ದ. ಕಾಯುತ್ತಿದ್ದ ಪೊಲೀಸ ಆವರಣದಲ್ಲಿ ಸುಮ್ನೆ ಅಡ್ಡಾಡಲು ಹೊರಟ. ಸ್ವಲ್ಪ ಹೊತ್ತಿಗೆ ಫ್ಯಾನನ್ ಬಂದು ನೋಡಿದರೆ ಅವನು ಮರಕ್ಕೊರಗಿ ನಿಂತು ಬೆವೆತು ನಡುಗುತ್ತಿದ್ದಾನೆ. ದಾರಿಯಲ್ಲಿ ಅವನಿಗೆ ಎದುರಾದದ್ದು ಅವನೇ ಠಾಣೆಯಲ್ಲಿ ಹಿಂಸಿಸಿದ್ದ ಒಬ್ಬ ಅಲ್ಜೀರಿಯನ್. ಆ ಮನುಷ್ಯನೂ ಅಲ್ಲಿ ರೋಗಿ. ಪೊಲೀಸನಿಗೆ ಔಷಧಿ ಕೊಟ್ಟು ಕಳಿಸಿ ಫ್ಯಾನನ್ ವಾರ್ಡಿಗೆ ಹೋದರೆ ಆ ಅಲ್ಜೀರಿಯನ್ ಕಾಣುತ್ತಿಲ್ಲ. ತನ್ನನ್ನು ಮತ್ತೆ ಎಳೆದೊಯ್ಯಲು ಪೊಲೀಸ ಬಂದಿದ್ದಾನೆ ಎಂದು ಹೆದರಿ, ಜೀವ ಕಳೆದುಕೊಳ್ಳಲು ಶೌಚಾಲಯದಲ್ಲಿ ಅಡಗಿದ್ದ. ನೀನು ಕಂಡದ್ದು ಭ್ರಮೆ, ಇಲ್ಲಿಗೆ ಪೊಲೀಸರು ಬರಲು ಸಾಧ್ಯವೇ ಇಲ್ಲ ಎಂದು ಅವನನ್ನು ನಂಬಿಸಲು ಸಿಬ್ಬಂದಿಗೆ ಬಹಳ ಹೊತ್ತು ಹಿಡಿಯಿತು.

ಅವನಿಗೆ ಕಂಡದ್ದು ನಿಜ. ಚಿಕಿತ್ಸೆ ಕೊಡಬೇಕಾದವರು ಸುಳ್ಳು ಹೇಳಬೇಕಾಯಿತು. ಆಸ್ಪತ್ರೆಯೊಳಗೆ ಎಷ್ಟೇ ಚೆಂದದ ಕಾಫಿ ಅಂಗಡಿ ಇಟ್ಟರೂ ಗೇಟಿನ ಹೊರಗಿನದ್ದು ಒಳಗೆ ಬಂದೇ ಬರುತ್ತದೆ. 1956ರ ಕೊನೆಗೆ ಫ್ಯಾನನ್ ರಾಜೀನಾಮೆ ಬರೆದ. ಮನುಷ್ಯ ತನ್ನ ಪರಿಸರದಲ್ಲಿ ಪರಕೀಯನಾಗದಂತೆ ನೋಡಿಕೊಳ್ಳುವುದು ಮನೋವೈದ್ಯನ ಕೆಲಸ, ಇಲ್ಲಿ ಅರಬನನ್ನು ಅವನ ಸ್ವಂತ ನೆಲದಲ್ಲೇ ಪರಕೀಯ ಮಾಡಿಟ್ಟಿದ್ದಾರೆ ಎಂಬುದು ಆ ಪತ್ರದ ಸಾರ. 1957ರ ಜನವರಿಯಲ್ಲಿ ಅವನನ್ನು ಗಡೀಪಾರು ಮಾಡಿದರು.

ಬೆಳಿಗ್ಗೆ ಬಂದು ಸಂಜೆ ಹೋಗುವ ರೋಗಿ

ಮುಂದಿನ ನೆಲೆ ಪಕ್ಕದ ಟ್ಯುನಿಶಿಯಾ. ಅಲ್ಜೀರಿಯಾದ ಹೋರಾಟಗಾರರಿಗೆ ಅವನು ಪತ್ರಿಕೆ ಕೆಲಸ ಮಾಡಿಕೊಟ್ಟದ್ದು, ರಾಯಭಾರಿಯಾದದ್ದು ಎಲ್ಲರಿಗೂ ಗೊತ್ತು. ಅದರ ನಡುವೆಯೇ ಟ್ಯೂನಿಸ್‌ನ ಶಾರ್ಲ್ ನಿಕೋಲ್ ಆಸ್ಪತ್ರೆಯಲ್ಲಿ 1958ರಲ್ಲಿ ಒಂದು ಹಗಲು ಆಸ್ಪತ್ರೆ ಶುರುಮಾಡಿದ. ಅದು ಮಾನಸಿಕ ರೋಗಿಗಳಿಗೆಂದೇ ಊರಾಚೆ ಕಟ್ಟಿದ ಜಾಗವಲ್ಲ. ಊರಿನ ನಡುವಿನ ಸಾಮಾನ್ಯ ಆಸ್ಪತ್ರೆ.

ಬ್ಲಿಡಾದಲ್ಲಿ ಮಾಡಿದ್ದನ್ನೂ ಅವನು ಈಗ ಅನುಮಾನದಿಂದ ನೋಡುತ್ತಿದ್ದ. ಕಾಫಿ ಅಂಗಡಿ, ಹಬ್ಬ, ತೋಟ ಎಲ್ಲಾ ಸರಿ. ಆದರೂ ಅದು ಗೋಡೆಯೊಳಗೆ ಕಟ್ಟಿದ ಸುಳ್ಳು ಊರು. ಅಲ್ಲಿ ಸಾಲ ಕೊಟ್ಟವನು ಬಾಗಿಲು ಬಡಿಯುವುದಿಲ್ಲ, ಅತ್ತೆ ಮೂತಿ ತಿರುಗಿಸುವುದಿಲ್ಲ, ಕೆಲಸ ಹೋಗುತ್ತದೆಂಬ ಭಯವಿಲ್ಲ. ಮನುಷ್ಯ ಕೆಟ್ಟದ್ದು ಅವುಗಳ ನಡುವೆ, ಮುಂದೆ ಬದುಕಬೇಕಾದದ್ದೂ ಅವುಗಳ ನಡುವೆಯೇ.

ಆದ್ದರಿಂದ ಟ್ಯೂನಿಸ್‌ನಲ್ಲಿ ರೋಗಿ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ. ತನ್ನದೇ ಬಟ್ಟೆ ತೊಟ್ಟು, ತನ್ನದೇ ಕಾಲಲ್ಲಿ ನಡೆದು. ಚಿಕಿತ್ಸೆ, ಊಟ, ಮಾತುಕತೆ, ಕೆಲಸ ಮುಗಿಸಿ ಸಂಜೆ ಆರಕ್ಕೆ ಮನೆಗೆ ಹೊರಡುತ್ತಿದ್ದ. ರಾತ್ರಿ ಮನೆಯಲ್ಲಿ ಜಗಳವಾಗಬಹುದು. ಆಗಲಿ. ಮರುದಿನ ಅವನು ಆ ಜಗಳವನ್ನು ಬಿಸಿಬಿಸಿಯಾಗಿಯೇ ಡಾಕ್ಟರ ಮುಂದೆ ತರುತ್ತಾನೆ. ವರ್ಷಗಟ್ಟಲೆ ವಾರ್ಡಿನಲ್ಲಿ ಕೂಡಿಹಾಕಿದ್ದರೆ ಅದು ಎಂದೋ ಹಳಸಿದ ಕಥೆಯಾಗಿರುತ್ತಿತ್ತು.

ಈ ಕೆಲಸಕ್ಕೆ ಅವನಿಗೆ ಸಿಕ್ಕ ಕಾಲ ಬಹಳ ಕಡಿಮೆ. ರಕ್ತದ ಕ್ಯಾನ್ಸರ್ ಬಂತು. 1961ರ ಡಿಸೆಂಬರ್ 6ರಂದು ಅಮೆರಿಕದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಆಗ 36 ವರ್ಷ. ದೇಹವನ್ನು ಅಲ್ಜೀರಿಯಾಕ್ಕೆ ತಂದು ಮಣ್ಣು ಮಾಡಿದರು. ಸ್ವಾತಂತ್ರ್ಯ ಬರಲು ಇನ್ನೂ ಏಳು ತಿಂಗಳಿತ್ತು. ಅಲ್ಲಿನ ರೋಗಿಗಳ ಜೊತೆ ದುಭಾಷಿ ಇಲ್ಲದೆ ಮಾತಾಡುವಷ್ಟು ಅರಬ್ಬಿ ಅವನಿಗೆ ಕೊನೆಗೂ ಒಗ್ಗಲಿಲ್ಲ.